ಮೇಘಭಕ್ಷಕನಿಗೆ ದನಿ ಕೊಟ್ಟ ಪುಟ್ಟಮಲ್ಲಮ್ಮ

ಪುಟ್ಟಮಲ್ಲಮ್ಮ ಬರುವ ಮುಂಚೆ ಅವಳ ದನಿ ಬರುತ್ತಿತ್ತು. ಹಳ್ಳದ ಆಚೆ ದಡದಲ್ಲಿ ನಿಂತು ಅವಳು ಎಮ್ಮೆಯನ್ನು ಬೈದರೆ ಈಚೆ ದಡದಲ್ಲಿ ನಮ್ಮ ಎತ್ತುಗಳು ಮೇಯುವುದನ್ನು ಬಿಟ್ಟು ಕಿವಿ ನಿಮಿರಿಸುತ್ತಿದ್ದವು. ಅದು ಹೆಂಗಸಿನ ದನಿ ಎನ್ನುವಂತಿರಲಿಲ್ಲ, ಗಂಡಸಿನದು ಎನ್ನುವಂತೆಯೂ ಇರಲಿಲ್ಲ. ಹೊನ್ನೆ ಮರದ ದಿಮ್ಮಿಯನ್ನು ಕಲ್ಲು ಚಪ್ಪಡಿಯ ಮೇಲೆ ಎಳೆದರೆ ಏಳುವಂಥ ದನಿ. ಎದುರು ನಿಂತು ಕೇಳಿದವರಿಗೆ ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತಿತ್ತು.

ಅವಳು ಭೇರ್ಯದ ಕಡೆಯವಳು. ಕಾಲುವೆ ನೀರಿನ ಊರು, ಭತ್ತದ ಗದ್ದೆ, ಹೊಟ್ಟೆ ತುಂಬ ಅನ್ನ ಉಂಡು ಬೆಳೆದ ಮೈ. ಅವರ ಊರಿನವರು ಆನೆ ನೋಡಬೇಕೆಂದರೆ ದಸರೆಗೆ ಮೈಸೂರಿಗೆ ಹೋಗಬೇಕಿತ್ತು. ನಮ್ಮ ಕಲ್ಲುಮಂಟಿಯಲ್ಲಿ ಹಾಗಲ್ಲ. ಸರಗೂರಿನಿಂದ ಗಾಡಿ ಕಟ್ಟಿ ಬಿಸಿಲೇರುವ ಮುಂಚೆ ಹೊರಟರೆ ಊಟದ ಹೊತ್ತಿಗೆ ಸಿಕ್ಕುವ ಊರು ನಮ್ಮದು. ಅಲ್ಲಿಂದ ಮುಂದೆ ಗಾಡಿ ದಾರಿ ಇಲ್ಲ, ಕಾಡು. ರಾಗಿ ತೆನೆ ಹಾಲು ತುಂಬಿತೆಂದರೆ ಆನೆ ನಮ್ಮನ್ನೇ ನೋಡಲು ಬರುತ್ತಿತ್ತು.

ಅವಳನ್ನು ಕೈ ಹಿಡಿದವನು ರುದ್ರಸ್ವಾಮಿ. ಮೆತ್ತನೆಯ ಮನುಷ್ಯ, ಮಾತೂ ಮೆತ್ತಗೆ. ದೇವರು ಈ ಗಂಡಹೆಂಡಿರಿಗೆ ದನಿ ಹಂಚುವಾಗ ಕೈ ತಪ್ಪಿ ಎಲ್ಲವನ್ನೂ ಒಂದೇ ಕಡೆ ಸುರಿದುಬಿಟ್ಟ ಎಂದು ನಾವು ನಗುತ್ತಿದ್ದೆವು. ಅವನ ಅಣ್ಣ ಕಂಠಪ್ಪ. ಮನೆಗೂ ಅವನೇ ಯಜಮಾನ, ಊರಿಗೂ ಅವನೇ ಯಜಮಾನ. ಚಾವಡಿಯ ಬೀಗದ ಕೈ ಅವನ ಉಡಿದಾರದಲ್ಲಿ ಇರುತ್ತಿತ್ತು.

ಮದುವೆಯಾಗಿ ಬಂದ ಮೊದಲ ವರ್ಷವೇ ಆ ಮನೆಯಲ್ಲಿ ನಾದಿನಿಯ ಮದುವೆ. ಗಂಡು ಹೆಣ್ಣು ಕೂತ ಹಸೆಮಣೆಯ ಮುಂದೆ ಹೆಂಗಸರು ಸೋಬಾನೆ ಎತ್ತಿದರು. ಹೊಸ ಸೊಸೆಗೆ ಹಾಡು ಬರುತ್ತಿತ್ತು, ಬಾಯಿ ತೆರೆದಳು. ಒಂದು ಸೊಲ್ಲು ಮುಗಿಯುವುದರೊಳಗೆ ತೊಟ್ಟಿಲ ಮಗು ಬೆಚ್ಚಿ ಅತ್ತಿತು, ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅತ್ತೆ ಕೈ ಎತ್ತಿ, "ನೀನು ಬುಡವ್ವ, ನಿನ್ ದನಿಗೆ ಹಸೆ ಬಿರುಕು ಬುಟ್ಟಾತು" ಎಂದಳು. ಮದುವೆಮನೆಯ ಮಾತು, ಎಲ್ಲರೂ ನಕ್ಕು ಮರೆತರು. ಪುಟ್ಟಮಲ್ಲಮ್ಮ ಮರೆಯಲಿಲ್ಲ, ಮರೆಯುವುದಕ್ಕೆ ಊರೂ ಬಿಡಲಿಲ್ಲ. ಅಂದಿನಿಂದ ಯಾರ ಮನೆಯ ಹಸೆಯ ಮುಂದೆ ಕೂತರೂ ಪಕ್ಕದವಳು ಅವಳ ತೊಡೆ ಚಿವುಟಿ ಸುಮ್ಮನಿರಿಸುತ್ತಿದ್ದಳು.

ಅದೇ ವರ್ಷ ರಾಗಿ ಕಾಯುವ ಹೊತ್ತಿಗೆ ಕಂಠಪ್ಪನೇ ಅವಳನ್ನು ಅಟ್ಟಣೆ ಹತ್ತಿಸಿದ. ಹಸೆಗೆ ಬೇಡವಾದ ದನಿ ಹೊಲಕ್ಕೆ ಬೇಕಾಯಿತು.

ಈ ಕಾವಲಿನ ಕಟ್ಟಳೆಯನ್ನು ಇಲ್ಲೇ ಹೇಳಬೇಕು. ನಮ್ಮ ಕಡೆ ಮೂರು ಊರಿನ ಹೊಲ ಒಂದಕ್ಕೊಂದು ಅಂಟಿಕೊಂಡಿವೆ. ಮೂರಕ್ಕೂ ನಡುವೆ ದೊಡ್ಡ ಹೊನ್ನೆ ಮರ, ಅದರ ಕವಲಿನಲ್ಲಿ ಅಟ್ಟಣೆ. ಅಲ್ಲಿ ಕೂತವರು ಹಂದಿ ಬಂದರೆ ಗಿಡ್ಡನೆಯ ಕೂಗು ಹಾಕುತ್ತಾರೆ, ಅದಕ್ಕೆ ಹೊಲದವನು ಒಬ್ಬನೇ ಎದ್ದು ಹೋಗುತ್ತಾನೆ. ಆನೆಗೆ ಬೇರೆ ಕೂಗು. ನೀಳವಾಗಿ ಎಳೆದು, ನಡುವೆ ಮುರಿದು, ಮತ್ತೆ ಎತ್ತಿ ಬಿಡುವ ಕೂಗು. ಅದು ಕಿವಿಗೆ ಬಿತ್ತೆಂದರೆ ಮೂರೂರಿನ ಮನೆಮನೆಯಿಂದ ಒಬ್ಬೊಬ್ಬರು ಪಂಜು, ತಮಟೆ, ತಗಡಿನ ಡಬ್ಬ ಹಿಡಿದು ಬರಲೇಬೇಕು. ತುತ್ತು ಬಾಯಿಗಿಟ್ಟಿದ್ದರೂ ಉಗಿದು ಎದ್ದು ಬರಬೇಕು. ಆನೆ ಇಲ್ಲದೆ ಆ ಕೂಗು ಕೂಗಿದವರಿಗೆ ಕ್ಷಮೆ ಇಲ್ಲ. ಮೂರೂರಿನ ಹಿರಿಯರು ಸೇರಿ ಕೂಗು ಕಿತ್ತುಕೊಳ್ಳುತ್ತಾರೆ. ಅಂದರೆ ಅವರು ಮತ್ತೆ ಅಟ್ಟಣೆ ಹತ್ತುವಂತಿಲ್ಲ, ಹೊಲದಲ್ಲಿ ಅವರ ದನಿಗೆ ಯಾರೂ ಓಗೊಡುವಂತಿಲ್ಲ.

ಪುಟ್ಟಮಲ್ಲಮ್ಮ ಅಟ್ಟಣೆ ಹತ್ತಿದ ಮೇಲೆ ನಮ್ಮ ಮೂರೂರು ರಾಗಿಯನ್ನು ಮನೆಗೆ ತಂದವು. ಸುತ್ತ ಹತ್ತಾರು ಊರಲ್ಲಿ ಆನೆ ಮೇದದ್ದೇ ಹೆಚ್ಚು. ನಮ್ಮಲ್ಲಿ ಮುದ್ದೆಯ ಗಾತ್ರ ಕುಗ್ಗಲಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ, ಉಂಡವರ ಪೈಕಿ ನಾನೂ ಒಬ್ಬ.

ಐವತ್ತೇಳನೇ ಇಸವಿಯ ಹಿಂಗಾರು. ರಷ್ಯಾದವರು ಆಕಾಶಕ್ಕೊಂದು ಗುಂಡು ಎಸೆದಿದ್ದಾರೆ, ಅದು ಬೀಳದೆ ಭೂಮಿಯನ್ನು ಸುತ್ತುತ್ತಿದೆ ಎಂಬ ಸುದ್ದಿ ಸರಗೂರಿನ ಸಂತೆಗೆ ಬಂತು. ಸಂಜೆಯಾದರೆ ಸಾಕು, ಊರಿನವರೆಲ್ಲ ಕತ್ತು ಮೇಲೆ ಮಾಡಿ ನಿಲ್ಲುತ್ತಿದ್ದರು. ಕಂಡಿತು ಎಂದವರೂ ಇದ್ದರು, ಕಾಣದೆ ಕತ್ತು ಉಳುಕಿಸಿಕೊಂಡವರೂ ಇದ್ದರು.

ಆ ಸುದ್ದಿಗೆ ತಲೆ ಕೆಡಿಸಿಕೊಂಡವನು ಷಣ್ಮುಖಪ್ಪ. ಸರಗೂರಿನಲ್ಲಿ ಅವನಿಗೆ ದಿನಸಿ ಅಂಗಡಿ, ಹೆಂಡತಿಯ ತವರು ನಮ್ಮೂರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಕೊಡುವ ಮೈಕ್ ಸೆಟ್ಟು ಇಟ್ಟಿದ್ದ. ಒಂದು ಮೈಕು, ಒಂದು ಬ್ಯಾಟರಿ, ಉಮ್ಮತ್ತಿ ಹೂವಿನಂಥ ದೊಡ್ಡ ಹಾರ್ನು. ಅವನು ರೇಡಿಯೋದಲ್ಲಿ ಬರೀ ದನಿಯ ನಾಟಕ ಕೇಳಿದ್ದ. ತಾನೂ ಒಂದು ಬರೆದ. ನೂರು ವರ್ಷ ಮುಂದಿನ ಕಥೆ. ಜನ ಚುಕ್ಕಿಯಿಂದ ಚುಕ್ಕಿಗೆ ರಾಕೆಟ್ಟಿನಲ್ಲಿ ಓಡಾಡುತ್ತಾರೆ. ಮೇಘಭಕ್ಷಕ ಎಂಬ ದುಷ್ಟನೊಬ್ಬ ಯಾವುದೋ ಒಂಟಿ ಚುಕ್ಕಿಯ ಮೇಲೆ ಕೂತು ಭೂಮಿಯ ಮೋಡಗಳನ್ನೆಲ್ಲ ನುಂಗಿಹಾಕುತ್ತಾನೆ. ವ್ಯೋಮವೀರ ಎಂಬ ಶೂರ ಹೋಗಿ ಅವನನ್ನು ಕೊಂದು ಮಳೆ ತರುತ್ತಾನೆ. ವ್ಯೋಮವೀರನ ಪಾರ್ಟು ನನ್ನದು.

ಇದನ್ನು ರಂಗದ ಮೇಲೆ ಆಡೋಣ ಎಂದರೆ ಬಾಡಿಗೆಗೆ ಸಿಗುತ್ತಿದ್ದ ಪರದೆಗಳಲ್ಲಿ ಇದ್ದದ್ದು ಅರಮನೆ, ಕಾಡು, ಉದ್ಯಾನ ಮಾತ್ರ. ಚುಕ್ಕಿಲೋಕದ ಪರದೆ ಯಾರ ಹತ್ತಿರವೂ ಇರಲಿಲ್ಲ. "ಪರದೇನೇ ಬ್ಯಾಡ, ಜನ ಕಣ್ಣು ಮುಚ್ಕೊಂಡು ನೋಡ್ಲಿ" ಎಂದ ಷಣ್ಮುಖಪ್ಪ. ನಾವು ಚಾವಡಿಯ ಒಳಗೆ ಕೂತು ಮಾತಾಡುವುದು, ಹಾರ್ನು ಮಾಡಿನ ಮೇಲೆ, ಊರು ಅವರವರ ಜಗಲಿಯಲ್ಲಿ ಕೂತು ಕೇಳುವುದು ಎಂದು ಗೊತ್ತಾಯಿತು. ರಾಕೆಟ್ಟು ಹಾರುವ ಸದ್ದಿಗೆ ಕಮ್ಮಾರನ ತಿದಿ ತಂದೆವು. ಮಳೆಗೆ ಮೊರದಲ್ಲಿ ಅವರೆಕಾಳು. ಕೊನೆಯಲ್ಲಿ ಮೇಘಭಕ್ಷಕನ ತಲೆ ಹಾರಿಸುವುದಕ್ಕೆ ತಗಡಿನ ಮೇಲೆ ಕುಡುಗೋಲಿನ ಒಂದೇ ಏಟು.

ಮೇಘಭಕ್ಷಕ ಕುಳ್ಳಯ್ಯನೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹೆಸರಿಗೆ ಕುಳ್ಳಯ್ಯ, ಆಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಬಯಲಾಟದಲ್ಲಿ ಹರೆಯದಿಂದಲೂ ರಾಕ್ಷಸ ಕಟ್ಟಿದವನು. ಅವನು ಮೀಸೆ ತಿರುವಿ, ಎದೆಗವಚ ಕುಣಿಸಿ, ಹಲಗೆ ಮುರಿಯುವಂತೆ ಹೆಜ್ಜೆ ಹಾಕಿ ಬಂದರೆ ಮಕ್ಕಳು ಅಜ್ಜಿಯರ ಕಂಬಳಿಯೊಳಗೆ ನುಸುಳುತ್ತಿದ್ದವು. ಅಂಥವನನ್ನು ಮೈಕಿನ ಮುಂದೆ ಕೂರಿಸಿದೆವು. ಮೀಸೆ ಇಲ್ಲ, ಕಿರೀಟ ಇಲ್ಲ, ಹೆಜ್ಜೆ ಹಾಕುವಂತಿಲ್ಲ. ಹಾರ್ನಿನಿಂದ ಬಂದ ಅಟ್ಟಹಾಸ ಕೇಳಿ ನಮಗೇ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ರೋಷ ಬಂದು ಅವನು ಅಭ್ಯಾಸದಂತೆ ನೆಲ ಒದ್ದ. ಬ್ಯಾಟರಿ ಮಗುಚಿಕೊಂಡಿತು.

"ಅಯ್ಯೋ ನನ್ ಬ್ಯಾಟ್ರಿ!" ಎಂದು ಷಣ್ಮುಖಪ್ಪ ಬಾಯಿ ಬಡಿದುಕೊಂಡ.

ಸಗಣಿ ಬುಟ್ಟಿ ಹೊತ್ತು ಚಾವಡಿಯ ಪಕ್ಕದಲ್ಲೇ ಹೋಗುತ್ತಿದ್ದ ಪುಟ್ಟಮಲ್ಲಮ್ಮ ನಿಂತಳು. "ಯಾರ್ಲಾ ಅದು ಒಳಗೆ? ಕುರಿಮರಿ ಕಾಲು ಯಾರಾನಾ ತುಳಿದ್ರಾ?"

"ರಾಕ್ಷಸ ಕಣಕ್ಕಾ ಅದು" ಎಂದೆ ನಾನು.

"ಇದಾ? ಇವ್ನು ಮೋಡ ನುಂಗೋನಾ? ಇವ್ನಿಗೆ ಮಜ್ಜಿಗೆ ಕುಡ್ಸಿ, ನೆತ್ತಿಗತ್ತದೆ."

ಕುಳ್ಳಯ್ಯನಿಗೆ ಉರಿದುಹೋಯಿತು. "ಬಾ ಮತ್ತೆ, ನೀನೇ ನುಂಗು ಬಾರವ್ವ" ಎಂದ. ಅವಳು ಬುಟ್ಟಿ ಇಳಿಸಿದಳು. ಕೈ ತೊಳೆದು, ಸೆರಗು ಬಿಗಿದು ಒಳಗೆ ಬಂದಳು. ಏನು ಹೇಳಬೇಕೆಂದು ಕೇಳಿದಳು. ಷಣ್ಮುಖಪ್ಪ ಓದಿದ, "ಭೂಲೋಕದವರೇ, ಇನ್ನು ನಿಮಗೆ ಮಳೆಯಿಲ್ಲ." ಅವಳು ಅರಚಲಿಲ್ಲ. ಸೊಸೆಗೆ ಉಪ್ಪಿನ ಮಡಕೆ ಎಲ್ಲಿದೆ ಎಂದು ಹೇಳುವಷ್ಟೇ ಮೆಲ್ಲಗೆ ಹೇಳಿದಳು. ಹಾರ್ನಿನಿಂದ ಆ ಮಾತು ಇಳಿದು ಬಂದಾಗ ಹೊರಗೆ ಮಲಗಿದ್ದ ನಾಯಿ ಬಾಲ ಮುದುರಿಕೊಂಡು ಕಲ್ಲಿನ ಸಂದಿಗೆ ಹೋಯಿತು.

ಕುಳ್ಳಯ್ಯ ಎದ್ದು ಪಕ್ಕಕ್ಕೆ ಸರಿದ. ಆಮೇಲೆ ಕುಡುಗೋಲು, ತಗಡು ಎರಡನ್ನೂ ತನ್ನ ಕಡೆ ಎಳೆದುಕೊಂಡು, "ಸದ್ದು ನಾನ್ ಮಾಡ್ತೀನಿ. ಪಾರ್ಟು ಅವ್ಳದು" ಎಂದ. ದೊಡ್ಡ ಆಟಗಾರ ಎಂದರೆ ಅವನು.

ಅವಳು ಮಾತ್ರ ಅಷ್ಟಕ್ಕೆ ಒಪ್ಪಲಿಲ್ಲ. "ಸಾವ್ಕಾರ್ರೇ, ಒಂದ್ ಮಾತು. ಇವ್ನು ಬತ್ತಾನೆ, ನಗ್ತಾನೆ, ಸಾಯ್ತಾನೆ. ಹುಟ್ಟುತ್ಲೇ ಇಂಗೆ ನಕ್ಕಂಡು ಬಂದ್ನಾ? ಇವ್ನಿಗೆ ಅವ್ವ ಇರ್ನಿಲ್ವಾ? ಚಿಕ್ಕೋನಾಗಿದ್ದಾಗ ಏನ್ ಮಾಡ್ತಿದ್ದ?"

"ರಾಕ್ಷಸನಿಗೆ ಬಾಲ್ಯ ಎಲ್ಲವ್ವ? ಅವನು ದುಷ್ಟ, ಮುಗೀತು."

"ನಿಮ್ಗೆ ಮುಗೀತು. ಅವ್ನ ಬಾಯಲ್ಲಿ ಮಾತಾಡೋಳು ನಾನು, ನಂಗೆ ಮುಗೀನಿಲ್ಲ."

ಮೂರು ಸಂಜೆ ಕೂತು ಮೇಘಭಕ್ಷಕನ ಬಾಲ್ಯವನ್ನು ಅವಳೇ ಕಟ್ಟಿದಳು. ಅವಳು ಹೇಳಿದಳು, ಷಣ್ಮುಖಪ್ಪ ಬರೆದುಕೊಂಡ. ಚುಕ್ಕಿಲೋಕದಲ್ಲಿ ಜನ ಮೋಡಗಳನ್ನು ಕುರಿಯಂತೆ ಸಾಕುತ್ತಾರೆ. ಬಾಲಚುಕ್ಕಿಗಳು ಬಂದು ಮೋಡಗಳನ್ನು ಹರಿದು ತಿನ್ನುತ್ತವೆ. ಕಾಯುವುದಕ್ಕೆಂದು ಒಂದು ಚಿಕ್ಕ ಹುಡುಗನನ್ನು ಒಂಟಿ ಚುಕ್ಕಿಯ ಮೇಲೆ ಬಿಟ್ಟು ಬರುತ್ತಾರೆ, ಯಾಕೆಂದರೆ ಅವನ ದನಿ ದೊಡ್ಡದು. ಅವನು ಕೂಗಿದಾಗಲೆಲ್ಲ ಎಲ್ಲ ಚುಕ್ಕಿಗಳಿಂದ ಜನ ಓಡಿ ಬರುತ್ತಾರೆ, ಬಾಲಚುಕ್ಕಿ ಓಡಿಸುತ್ತಾರೆ, ಹೊರಟುಹೋಗುತ್ತಾರೆ. ಒಂದು ಹಬ್ಬದ ದಿನ ಅವನು ತಾನೂ ಹಾಡಬೇಕೆಂದು ಇಳಿದು ಬರುತ್ತಾನೆ. ನಿನ್ನ ದನಿಗೆ ಆಕಾಶ ಬಿರುಕು ಬಿಡುತ್ತದೆ, ಹೋಗು ಎನ್ನುತ್ತಾರೆ. ಅವನು ತನ್ನ ಚುಕ್ಕಿಗೆ ಹಿಂದಿರುಗಿ ಬಾಯಿ ತೆರೆಯುತ್ತಾನೆ. ಈ ಸಲ ಕೂಗುವುದಕ್ಕಲ್ಲ, ನುಂಗುವುದಕ್ಕೆ.

ಬರೆಯುತ್ತಿದ್ದ ಷಣ್ಮುಖಪ್ಪ ಪೆನ್ಸಿಲ್ ನಿಲ್ಲಿಸಿ ಅವಳ ಮುಖ ನೋಡಿದ. ರುದ್ರಸ್ವಾಮಿ ಮೊರದ ಅವರೆಕಾಳನ್ನು ನೋಡುತ್ತ ಕೂತಿದ್ದ. ನಮಗೆಲ್ಲ ತಿಳಿಯಿತು.

ಊರಿನಲ್ಲಿ ಗುಟ್ಟು ನಿಲ್ಲುತ್ತದೆಯೆ? ಕಂಠಪ್ಪ ಚಾವಡಿಗೆ ಬಂದ. ಪುಟ್ಟಮಲ್ಲಮ್ಮ ಕಂಬದ ಹಿಂದೆ ಸರಿದು ನಿಂತಳು. ಭಾವನ ಎದುರು ನಿಂತು ಅವಳು ಎಂದೂ ಮಾತಾಡಿದವಳಲ್ಲ.

"ಷಣ್ಮುಖಪ್ನೋರೇ, ನಮ್ಮನೆ ಎಣ್ಣುಮಕ್ಳ ದನಿ ಆರ್ನಲ್ಲಿ ಬರೋದು ಮರ್ವಾದೆ ಅಲ್ಲ. ಓಗ್ಲಿ, ನೀವು ಊರಿನ ಅಳಿಯ, ರಾಕ್ಷಸನ್ ನಗು ಬೇಕಾದ್ರೆ ನಕ್ಕೊಳ್ಲಿ. ಆ ಚಿಕ್ಕಂದಿನ ಕಥೆ ಮಾತ್ರ ತೆಗೀರಿ. ನಮ್ಮನೆ ಒಲೆ ಮುಂದಿನ ಮಾತು ಆಕಾಶಕ್ಕೆ ಯಾಕೆ?"

ಕಂಬದ ಹಿಂದಿನಿಂದ ದನಿ ಬಂತು. "ಭಾವ, ಅಟ್ಣೆ ಮೇಲೆ ಕುಂತು ಮೂರೂರ್ಗೂ ಕೇಳೋ ಅಂಗೆ ಕೂಗ್ತೀನಲ್ಲ, ಆಗ ಮನೆ ಮರ್ವಾದೆ ಎಲ್ಲಿರ್ತದೆ? ರಾಗಿ ಹೊಲದಲ್ಲಿ ಮೇಯ್ತಾ ಇರ್ತದಾ?"

ಕುಳ್ಳಯ್ಯನಿಗೆ ನಗು ತಡೆಯಲಿಲ್ಲ. ಕಂಠಪ್ಪ ತಮ್ಮನ ಕಡೆ ತಿರುಗಿದ. "ಲೇ ರುದ್ರ, ಇದೇನ್ಲಾ ನಿನ್ ಮನೆ ನಾಟ್ಕ?"

"ನಮ್ಮನೇಲಿ ದಿನಾ ನಡೀತದೆ ಅಣ್ಣಯ್ಯ" ಎಂದ ರುದ್ರಸ್ವಾಮಿ ತನ್ನ ಮೆತ್ತನೆಯ ದನಿಯಲ್ಲಿ. "ಈಗ ಊರೋರೂ ಕೇಳ್ಲಿ ಬುಡು."

ಅಷ್ಟು ಸಾಕಾಯಿತು. ಕಂಠಪ್ಪ ಉಡಿದಾರದ ಬೀಗದ ಕೈ ತೆಗೆದ. "ಆ ಕಥೆ ಇದ್ರೆ ಚಾವಡಿ ಇಲ್ಲ. ಈಚೆ ಬನ್ನಿ ಎಲ್ಲಾರೂ."

ಬ್ಯಾಟರಿ, ತಿದಿ, ತಗಡು, ಮೊರ ಎಲ್ಲ ಹೊತ್ತು ಬೀದಿಯಲ್ಲಿ ನಿಂತೆವು. ಷಣ್ಮುಖಪ್ಪ ಸೋತ ಮುಖ ಮಾಡಿ, "ಆ ಒಂದು ಭಾಗ ತೆಗೆದುಬಿಡೋಣವೇನವ್ವ? ಕೊಲ್ಲೋದಂತೂ ಇದ್ದೇ ಇರ್ತದೆ" ಎಂದ.

"ಸಾಯೋಕೆ ಮಾತ್ರ ನಾನ್ ಬೇಕಾ ನಿಮ್ಗೆ?" ಎಂದಳು ಪುಟ್ಟಮಲ್ಲಮ್ಮ. "ಚಾವ್ಡಿ ಅವರ್ದು. ಅಟ್ಣೆ ನಂದು. ನಾಟ್ಕ ಕಾಣೋಂಗಿಲ್ಲ ಅಂದ್ರಲ್ಲ, ಎಲ್ಲಿ ಕುಂತು ಮಾತಾಡುದ್ರೆ ಏನು? ನಡೀರಿ."

ಹೀಗೆ ನಾಟಕ ಹೊನ್ನೆ ಮರಕ್ಕೆ ಹೋಯಿತು. ನಾನೇ ಮರ ಹತ್ತಿ ಹಾರ್ನು ಕಟ್ಟಿದೆ. ಬ್ಯಾಟರಿ, ತಿದಿ, ತಗಡು, ಮೊರ ಬುಡದಲ್ಲಿ; ಮೈಕು, ಪುಟ್ಟಮಲ್ಲಮ್ಮ, ನಾನು ಅಟ್ಟಣೆಯ ಮೇಲೆ. ದನ ಕೊಟ್ಟಿಗೆಗೆ ಬಂದು ಒಲೆ ಹೊಗೆಯಾಡುವ ಹೊತ್ತಿಗೆ ಷಣ್ಮುಖಪ್ಪ ಮೈಕು ತಟ್ಟಿ, "ಕಲ್ಲುಮಂಟಿಯ ಮಹಾಜನಗಳೇ" ಎಂದು ಶುರುಮಾಡಿಕೊಟ್ಟು ಕೆಳಗಿಳಿದು ತಿದಿಯ ಮುಂದೆ ಕೂತ. ಕಮ್ಮಾರನ ತಿದಿ ಭುಸುಗುಟ್ಟಿತು. ರಾಕೆಟ್ಟು ಹಾರಿತು. ನಾನು ವ್ಯೋಮವೀರನ ಶಪಥ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಊರಿನ ಕಡೆ ಜಗಲಿ ಜಗಲಿಯಲ್ಲಿ ದೀಪ ಕಂಡವು. ಬಾಗಿಲು ಹಾಕಿದ್ದದ್ದು ಕಂಠಪ್ಪನ ಮನೆ ಒಂದೇ. ಬಾಗಿಲು ಹಾಕಿದರೆ ಹಾರ್ನಿಗೇನು?

ಆಮೇಲೆ ಮೇಘಭಕ್ಷಕನ ಬಾಲ್ಯ ಬಂತು. ಪುಟ್ಟಮಲ್ಲಮ್ಮ ಮೈಕನ್ನು ಎರಡು ಕೈಯಲ್ಲೂ ಹಿಡಿದಳು. ಅವಳು ಕೂತದ್ದು ತನ್ನ ಹಳೆಯ ಜಾಗದಲ್ಲೇ, ಅವಳ ಬೆನ್ನು ತಾಗಿ ತಾಗಿ ಕವಲಿನ ತೊಗಟೆ ನುಣುಪಾದ ಕಡೆಯಲ್ಲೇ. ಒಂಟಿ ಚುಕ್ಕಿಯ ಮೇಲಿನ ಚಳಿಯನ್ನು ಹೇಳಿದಳು. ಅವ್ವ ಕಟ್ಟಿಕೊಟ್ಟ ಬುತ್ತಿ ಮುಗಿದುದನ್ನು ಹೇಳಿದಳು. ದೂರದಲ್ಲಿ ಬಾಲಚುಕ್ಕಿ ಬರುವುದು ಕಂಡಿತು ಎಂದಳು. "ಆಗ ಆ ಕೂಸು ಕೂಗ್ತು" ಎಂದವಳೇ ಕೂಗಿದಳು.

ತಾಲೀಮಿನಲ್ಲಿ ಅಲ್ಲಿ ಬರೀ "ಓ" ಇತ್ತು. ಆದರೆ ಅಟ್ಟಣೆಯ ಮೇಲೆ ಕೂತ ಆ ಮೈಗೆ ಬೇರೆ ಕೂಗು ಬರಲಿಲ್ಲ. ನೀಳವಾಗಿ ಎಳೆದು, ನಡುವೆ ಮುರಿದು, ಮತ್ತೆ ಎತ್ತಿ ಬಿಟ್ಟಳು. ಬರಿ ಬಾಯಿಗೆ ಮೂರೂರು ಏಳುವ ದನಿ ಅದು, ಈಗ ಹಾರ್ನಿನಿಂದ ಹೊರಟಿತು. ಕಾಡಿನೊಳಗೆ ಹೋಗಿ ಬಡಿದು ಹಿಂದಕ್ಕೆ ಬಂತು.

ಮೊದಲು ಪೂರ್ವದ ಕಡೆ ಒಂದು ಪಂಜು ಹೊತ್ತಿಕೊಂಡಿತು. ಆಮೇಲೆ ಕೆರೆ ಏರಿಯ ಆಚೆ. ಆಮೇಲೆ ನಮ್ಮೂರಿನ ಜಗಲಿಗಳ ದೀಪಗಳೇ ಎದ್ದು ಓಡಿ ಬರತೊಡಗಿದವು. ನಾಟಕ ಕೇಳುತ್ತಿದ್ದವರೂ ಎದ್ದು ಓಡಿದರು. ಆ ಕೂಗು ಬಿತ್ತೆಂದರೆ ನಮ್ಮವರ ಕಾಲು ತಲೆಯನ್ನು ಕೇಳುವುದಿಲ್ಲ. ತಮಟೆ, ಡಬ್ಬ, ಬೊಬ್ಬೆ, ರಾಗಿ ಹೊಲದ ಬದುಗಳ ಮೇಲೆ ಬೆಂಕಿಯ ಸಾಲು. "ಎಲ್ಲಿ? ಯಾವ್ ಕಡೆಯಿಂದ? ಎಷ್ಟವೆ?" ಎಂದು ಕೂಗುತ್ತ ಎಲ್ಲರಿಗಿಂತ ಮುಂದೆ ಬಂದವನು ಕಂಠಪ್ಪ. ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈ ಎಂಜಲು. ಮುದ್ದೆ ಬಿಟ್ಟು ಎದ್ದು ಬಂದಿದ್ದ.

ಆನೆ ಇಲ್ಲ. ಮರದ ಬುಡದಲ್ಲಿ ತಿದಿ ಹಿಡಿದ ಷಣ್ಮುಖಪ್ಪ, ಕುಡುಗೋಲು ಹಿಡಿದ ಕುಳ್ಳಯ್ಯ, ಮೊರ ಹಿಡಿದ ರುದ್ರಸ್ವಾಮಿ.

ಮೂರೂರಿನ ಜನ ಒಟ್ಟಿಗೇ ಬೈಯತೊಡಗಿದರು. ಎಲ್ಲರ ಮೇಲೆ ಕಂಠಪ್ಪನ ದನಿ ಏರಿತು. "ಸುಳ್ಳು ಕೂಗು! ಎಲ್ಲಾ ಕೇಳಿದೀರಿ, ನೀವೇ ಸಾಕ್ಷಿ. ಇಳಿ ಕೆಳಕ್ಕೆ. ಷಣ್ಮುಖಪ್ನೋರೇ, ನಿಲ್ಸಿ ಅದ್ನ!"

ಷಣ್ಮುಖಪ್ಪನ ಕೈ ಬ್ಯಾಟರಿಯ ತಂತಿಗೆ ಹೋಯಿತು. ರುದ್ರಸ್ವಾಮಿ ಮೊರ ಕೆಳಗಿಟ್ಟು ಬ್ಯಾಟರಿಯ ಮೇಲೆ ಕೂತುಬಿಟ್ಟ.

ಮೇಲಿನಿಂದ ಹಾರ್ನಿನಲ್ಲಿ ಅವಳ ದನಿ ಬಂತು. ಮೇಘಭಕ್ಷಕನದೋ ಅವಳದೋ ನನಗೆ ಇವತ್ತಿಗೂ ತಿಳಿಯದು. "ಸುಳ್ಳಲ್ಲ ಭಾವ. ನಾನು ಈ ಮರದ ಮೇಲೆ ಕುಂತು ಒಂದು ದಿವಸಾನೂ ಸುಳ್ಳು ಕೂಗಿಲ್ಲ. ನಿಮ್ ರಾಗಿಗೆ ಕೂಗ್ದಾಗ ಬಂದ್ರಿ. ಇವತ್ತು ನಂಗೆ ಕೂಗ್ದೆ. ಬಂದಿದ್ದೀರಿ. ಬಂದೋರು ಪೂರಾ ಕೇಳ್ಕಂಡು ಓಗಿ. ಕೇಳ್ಬುಟ್ಟು ಏನ್ ಕಿತ್ಕೊಳ್ತೀರೋ ಕಿತ್ಕೊಳ್ಳಿ."

ಪಕ್ಕದೂರಿನ ದೊಡ್ಡತಾಯಮ್ಮ, ಹಲ್ಲಿಲ್ಲದ ಮುದುಕಿ, ಡಬ್ಬ ಬಡಿಯಲು ಬಂದವಳು, ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಕೂತಳು. "ಅಷ್ಟು ದೂರದಿಂದ ಓಡ್ಬಂದಿದೀನಿ ಕಣ್ರಪ್ಪಾ. ಆ ಮಗೀಗೆ ಏನಾಯ್ತೋ ಕೇಳ್ಕಂಡೇ ಓಗೋಳು" ಎಂದಳು. ಒಬ್ಬೊಬ್ಬರಾಗಿ ಬದುವಿನ ಮೇಲೆ ಕೂತರು. ಕಂಠಪ್ಪ ನಿಂತೇ ಇದ್ದ, ಕೈಯ ಪಂಜು ಉರಿಯುತ್ತಿತ್ತು.

ಅವಳು ಮುಂದುವರಿಸಿದಳು. ಹಬ್ಬಕ್ಕೆ ಇಳಿದು ಬಂದ ಹುಡುಗ, ಒಂದು ಸೊಲ್ಲು ಹಾಡಿದ ಹುಡುಗ, ಆಕಾಶ ಬಿರುಕು ಬಿಟ್ಟಾತು ಹೋಗು ಎಂದ ಜನ. ಹೆಂಗಸರ ಕಡೆ ಯಾರೋ ಮೂಗೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಅವಳು ಹೇಳಿದ ಮಾತು ನನ್ನ ಬಾಯಲ್ಲಿ ಹಾಗೇ ಇದೆ.

"ಕೂಗ್ದಾಗ ಬಂದ್ರಿ. ಹಾಡ್ದಾಗ ಕಿವಿ ಮುಚ್ಕಂಡ್ರಿ. ನಿಮ್ ಮೋಡ ಕಾಯೋಕೆ ಬೇಕಾದ ಬಾಯಿ ನಿಮ್ ಹಬ್ಬಕ್ಕೆ ಬ್ಯಾಡ್ವಾದ್ರೆ, ಇಗೋ, ಈ ಬಾಯಿ ಏನ್ ಮಾಡ್ತದೆ ನೋಡಿ."

ಮೇಘಭಕ್ಷಕ ಮೋಡಗಳನ್ನು ನುಂಗಿದ. ಯಾರೂ ಅವನನ್ನು ಬೈಯಲಿಲ್ಲ.

ಇನ್ನು ನನ್ನ ಸರದಿ. "ಎಲವೋ ದುಷ್ಟ, ಇಗೋ ನಿನ್ನ ಅಂತ್ಯ" ಎಂದೆ. ನನ್ನ ದನಿ ನನಗೇ ಪುಕ್ಕಲಾಗಿ ಕೇಳಿಸಿತು. ಕುಳ್ಳಯ್ಯ ಕುಡುಗೋಲನ್ನು ತಗಡಿಗೆ ಹೊಡೆಯಬೇಕು. ಹೊಡೆಯಲಿಲ್ಲ. ಮತ್ತೊಮ್ಮೆ "ಇಗೋ ನಿನ್ನ ಅಂತ್ಯ" ಎಂದೆ. ಕುಳ್ಳಯ್ಯ ಕುಡುಗೋಲನ್ನು ನೆಲಕ್ಕೆ ಹಾಕಿದ.

"ಓಗ್ಲಾ, ನಾನ್ ಒಡೆಯಾಕಿಲ್ಲ" ಎಂದ, ಮೈಕಿಲ್ಲದೆಯೇ ಎಲ್ಲರಿಗೂ ಕೇಳುವಂತೆ. "ಹರೇದಿಂದ್ಲೂ ಬಯಲಾಟ್ದಲ್ಲಿ ಬೆಳಗಾಗೋ ಒತ್ತಿಗೆ ಸತ್ತೂ ಸತ್ತೂ ನಂಗೆ ಸಾಕಾಗೋಯ್ತು. ನೀನ್ಯಾಕೆ ಸಾಯ್ತೀ ಅಂತ ಒಬ್ರೂ ಕೇಳ್ನಿಲ್ಲ. ಇವ್ಳು ಕೇಳವ್ಳೆ. ಇವ್ಳು ಸಾಯ್ಬಾರ್ದು."

ತಗಡಿನ ಏಟು ಬೀಳದೆ ನಾಟಕಕ್ಕೆ ಮುಗಿತಾಯ ಎಲ್ಲಿಂದ ಬರಬೇಕು? ಜನ ಪಂಜು ನಂದಿಸಿಕೊಂಡು ಮೆಲ್ಲಗೆ ಎದ್ದರು. ವ್ಯೋಮವೀರ ಎತ್ತಿದ ಕತ್ತಿ ಇನ್ನೂ ಇಳಿದಿಲ್ಲ.

ಮಾರನೆಯ ದಿನ ಹೊನ್ನೆ ಮರದ ಕೆಳಗೆ ಮೂರೂರಿನ ಹಿರಿಯರು ಕೂತರು. ಅವಳ ಮೇಲೆ ಕನಿಕರ ಇದ್ದವರೂ ಕಟ್ಟಳೆ ಮೀರಲು ಹೆದರಿದರು. ಪಕ್ಕದೂರಿನ ಯಜಮಾನ ಕೆಂಪಯ್ಯ ದಾರಿಯೊಂದನ್ನು ಹುಡುಕಿದ. "ಬಾಯ್ತಪ್ಪಿ ಬಂತು, ತಪ್ಪಾಯ್ತು ಅಂದ್ಬುಡವ್ವ. ಅಟ್ಣೆ ನಿನ್ನದೇ. ಒಂದ್ ಮಾತು ಅಷ್ಟೆ" ಎಂದ. ಕೂಗು ಬಾಯಿ ತಪ್ಪಿಯೇ ಬಂದಿತ್ತು, ಅದು ನಮಗೂ ಗೊತ್ತು, ಅವಳಿಗೂ ಗೊತ್ತು. ಹಾಗೆಂದು ಹೇಳಿದ್ದರೆ ಸುಳ್ಳೂ ಆಗುತ್ತಿರಲಿಲ್ಲ.

ಅವಳು ಈ ಸಲ ಕಂಬದ ಹಿಂದೆ ನಿಲ್ಲಲಿಲ್ಲ. ಅಲ್ಲಿ ಕಂಬವೂ ಇರಲಿಲ್ಲ. "ಬಾಯಿ ತಪ್ಪಿರ್ಬೋದು ಕೆಂಪಯ್ನೋರೇ, ನಾನ್ ತಪ್ಪಿಲ್ಲ. ತಪ್ಪಾಯ್ತು ಅಂದ್ರೆ ಆ ಮಗೂನೂ ತಪ್ಪು ಮಾಡ್ತು ಅಂತಾಯ್ತದೆ. ಅನ್ನಾಕಿಲ್ಲ" ಎಂದಳು. ಅಟ್ಟಣೆಯ ಮೇಲಿದ್ದ ತನ್ನ ಕಂಬಳಿ, ನೀರಿನ ಬುರುಡೆ ತೆಗೆದುಕೊಂಡು ಮನೆಗೆ ನಡೆದಳು.

ಕೂಗು ಕಿತ್ತುಕೊಂಡರು. ಆ ವರ್ಷ ತೆನೆ ಬಲಿತಿತ್ತು, ಹೇಗೋ ಕಳೆಯಿತು. ಮರುವರ್ಷ ಕಂಠಪ್ಪ ಅಟ್ಟಣೆಗೆ ಯಾರ್ಯಾರನ್ನೋ ಹತ್ತಿಸಿ ನೋಡಿದ. ಒಬ್ಬನ ಕೂಗು ಕೆರೆ ಏರಿಯನ್ನೂ ದಾಟಲಿಲ್ಲ. ಇನ್ನೊಬ್ಬ ಹಂದಿಗೂ ಆನೆಗೂ ಒಂದೇ ಕೂಗು ಹಾಕಿದ. ಪಕ್ಕದೂರಿನವರು ಜಗಲಿಯಲ್ಲಿ ಕೂತೇ, "ಇದ್ಯಾವ ಕೂಗ್ಲಾ, ಆನೇದಾ, ಒಟ್ಟೆನೋವಿಂದಾ?" ಎಂದು ಕೇಳುವಂತಾಯಿತು. ಕೊನೆಗೆ ಕಂಠಪ್ಪ ತಾನೇ ಹತ್ತಿದ. ಯಜಮಾನನ ಗತ್ತು ಇತ್ತು, ದನಿ ಇರಲಿಲ್ಲ. ಆ ಸಲ ಆನೆಗಳು ನಮ್ಮ ಹೊಲದಲ್ಲಿ ನೆಂಟರಂತೆ ಉಳಿದುಕೊಂಡವು. ಪುಟ್ಟಮಲ್ಲಮ್ಮನ ಮನೆಯಲ್ಲೂ ಮುದ್ದೆ ಸಣ್ಣದಾಯಿತು.

ಸುಗ್ಗಿ ಕಳೆದ ಮೇಲೆ ಕೆಂಪಯ್ಯನೂ ಮೂರೂರಿನವರೂ ಬಂದು, "ನಮ್ಮ ಕೂಗು ನಮಗೆ ಕೊಡಿಸು" ಎಂದು ಕಂಠಪ್ಪನ ಜಗಲಿಯಲ್ಲಿ ಕೂತರು. ಅವನು ಎದ್ದು ಪುಟ್ಟಮಲ್ಲಮ್ಮ ಇದ್ದ ಅಡುಗೆಮನೆಯ ಬಾಗಿಲಿಗೆ ಹೋದ. ಅಲ್ಲಿ ನಡೆದದ್ದು ರುದ್ರಸ್ವಾಮಿ ನನಗೆ ಹೇಳಿದ್ದು, ಹಾಗಾಗಿ ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಅವನಿಗೆ ಅದು ಬರುತ್ತಲೇ ಇರಲಿಲ್ಲ.

"ಬರೋ ವರ್ಸ ಅಟ್ಣೆ ಅತ್ತವ್ವ" ಎಂದ ಕಂಠಪ್ಪ.

"ತಪ್ಪಾಯ್ತು ಅನ್ನಾಕಿಲ್ಲ."

"ಬ್ಯಾಡ. ಅನ್ಬ್ಯಾಡ."

"ಸರ್ವಮಂಗಳನ ಮದ್ವೆ ಯಾವಾಗ ಭಾವ?" ಸರ್ವಮಂಗಳ ಕಂಠಪ್ಪನ ಒಬ್ಬಳೇ ಮಗಳು.

"ಶಿವರಾತ್ರಿ ಆದ್ಮೇಲೆ. ಯಾಕೆ?"

"ಹಸೆ ಮುಂದೆ ಮೊದಲ್ನೇ ಸೋಬಾನೆ ನಂದು."

ಕಂಠಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಎಂಗುಸ್ರನ್ನ ಕೇಳ್ಬೇಕು" ಎಂದ.

"ಅವ್ರನ್ನ ಕೇಳಿದ್ದಾಯ್ತು. ನಿಮ್ಮನ್ನ ಕೇಳ್ತಿಲ್ಲ ಭಾವ, ಹೇಳ್ತಿದೀನಿ."

ಮದುವೆಗೆ ಚಪ್ಪರದ ಕಂಬಕ್ಕೆ ಷಣ್ಮುಖಪ್ಪನ ಅದೇ ಹಾರ್ನು ಕಟ್ಟಿದರು. ಅತ್ತೆ ಇನ್ನೂ ಇದ್ದಳು, ಕಿವಿ ಮಂದವಾಗಿತ್ತು, ಹಸೆಯ ಪಕ್ಕದಲ್ಲೇ ಕೂತಿದ್ದಳು. ಪುಟ್ಟಮಲ್ಲಮ್ಮ ಮೈಕನ್ನು ಎರಡು ಕೈಯಲ್ಲೂ ಹಿಡಿದು ಸೋಬಾನೆ ಎತ್ತಿದಳು. ಆ ದನಿಯಲ್ಲಿ ನಯ ಇರಲಿಲ್ಲ, ಈಗಲೂ ನಾನು ಇತ್ತೆಂದು ಹೇಳುವುದಿಲ್ಲ. ಚಪ್ಪರದ ಮಾವಿನೆಲೆ ನಡುಗಿದವು. ಏರಿಯ ಆಚೆಯ ಊರಿನವರು ಕೇಳಿದರು. ಈ ಸಲ ಅವರಿಗೆ ತಪ್ಪು ತಿಳಿಯಲಿಲ್ಲ, ಪಂಜಿಲ್ಲದೆ ಬಂದರು, ಊಟದ ಹೊತ್ತಿಗೆ ಸರಿಯಾಗಿ ಬಂದರು. ದೊಡ್ಡತಾಯಮ್ಮ ಈ ಸಲವೂ ಮುಂದೆ ಇದ್ದಳು.

ಹಾಡು ಒಂದು ಮುಗಿಯಿತು. ಎರಡನೆಯದನ್ನು ಎತ್ತುತ್ತಾಳೆ ಎಂದು ಹೆಂಗಸರು ಕಾದರು. ಅವಳು ಎತ್ತಲಿಲ್ಲ. ಮೈಕನ್ನು ಪಕ್ಕದವಳ ಕೈಗೆ ಕೊಟ್ಟು, ಮೊಣಕಾಲೂರಿ ಬಗ್ಗಿ, ಗಂಡು ಹೆಣ್ಣು ಕೂ‍ತಿದ್ದ ಹಸೆಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ಅಂಗೈಯಲ್ಲಿ ಸವರಿ ನೋಡಿದಳು. ಅವಳು ತಲೆ ಎತ್ತಿ ಅತ್ತೆಯ ಮಂದ ಕಿವಿಗೂ ಕೇಳುವಂತೆ, "ಗಟ್ಟಿಯಾಗೇ ಅದೆ" ಎಂದಳು.

ಆಮೇಲೆ ಮೈಕು ಇಸಿದುಕೊಂಡು ಎರಡನೆಯ ಹಾಡನ್ನು ಮೊದಲಿನದಕ್ಕಿಂತ ಒಂದು ಶ್ರುತಿ ಮೇಲಿನಿಂದಲೇ ಎತ್ತಿದಳು.